ನಮೂನೆ ಏಳರಲ್ಲಿ ಒಂದು ಕಥೆ

ನಾನು ಲಿಫ್ಟ್ ಇನ್‌ಸ್ಪೆಕ್ಟರ್. ಮೇಲೆ ಹೋಗಬೇಕಾದ ಲಿಫ್ಟು ಮೇಲೆ ಹೋಗುತ್ತದೆಯೋ, ಕೆಳಗೆ ಬರಬೇಕಾದದ್ದು ಕೆಳಗೆ ಬರುತ್ತದೆಯೋ ಎಂದು ನೋಡಿ, ಬರೆದು, ಸಹಿ ಹಾಕಿ, ಮೊಹರು ಒತ್ತುವುದು ನನ್ನ ಕೆಲಸ. ಇಪ್ಪತ್ತೆರಡು ವರ್ಷಗಳಿಂದ ನನ್ನ ವರದಿಗಳಲ್ಲಿ ಒಂದೇ ಒಂದು ತಪ್ಪನ್ನೂ ಯಾರೂ ಹುಡುಕಿರಲಿಲ್ಲ. ಯಾರೂ ಓದುತ್ತಿರಲಿಲ್ಲ ಎಂಬುದು ಬೇರೆ ಮಾತು. ಇಂಥ ನಾನು ಒಂದೇ ವಾರದಲ್ಲಿ ಕಥೆಗಾರನಾಗಿ, ಸುಳ್ಳುಗಾರನಾಗಿ, ಹೇಗೋ ಬಚಾವಾಗಿ, ಮತ್ತೆ ಲಿಫ್ಟ್ ಇನ್‌ಸ್ಪೆಕ್ಟರ್ ಆದದ್ದು ಹೇಗೆಂದು ನಾನೇ ಹೇಳಿಬಿಡುತ್ತೇನೆ. ನಾಲ್ಕನೇ ಮಹಡಿಯ ಆ ಅಮ್ಮನ ಬಾಯಿಂದ ಕೇಳಿದರೆ ಇನ್ನೂ ಕೆಟ್ಟದಾಗಿರುತ್ತದೆ.

ಎಲ್ಲಕ್ಕೂ ಮೂಲ ನನ್ನ ಬಾಯಿ. ಶನಿವಾರ ಮಗಳ ಶಾಲೆಯಲ್ಲಿ ಪೋಷಕರ ಸಭೆಯಿತ್ತು. ಮಗಳು ಏಳನೇ ತರಗತಿ. ಮಕ್ಕಳು ಕೂರುವ ಬೆಂಚಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದೆ. ಅವಳ ಭಾಷಾ ಟೀಚರು ಒಬ್ಬೊಬ್ಬ ತಂದೆಯನ್ನೂ ಎಬ್ಬಿಸಿ, "ನಿಮ್ಮ ಕೆಲಸದ ಬಗ್ಗೆ ಮಕ್ಕಳಿಗೆ ಒಂದು ದಿನ ಬಂದು ಹೇಳ್ತೀರಾ?" ಎಂದು ಕೇಳುತ್ತಿದ್ದರು. ನನ್ನ ಮುಂದಿನವನು ಪೈಲಟ್. ಅವನು ಇಡೀ ತರಗತಿಯನ್ನು ಮೋಡದ ಮೇಲೆ ಹತ್ತಿಸಿ ಕೂರಿಸಿಬಿಟ್ಟಿದ್ದ. ನಾನೋ ಜೀವಮಾನದಲ್ಲಿ ಎಂಟನೇ ಮಹಡಿ ದಾಟಿದವನಲ್ಲ.

"ನೀವು?" ಎಂದರು ಟೀಚರು.

"ನಾನು ಕಥೆ ಬರೀತೀನಿ," ಎಂದೆ.

ಇದನ್ನು ಹೇಳಿದ್ದು ನಾನೇ ಎಂದು ತಿಳಿಯಲು ನನಗೂ ಸ್ವಲ್ಪ ಹೊತ್ತು ಬೇಕಾಯಿತು. ಮಗಳು ಕತ್ತು ಹೊರಳಿಸಿ ನನ್ನನ್ನು ನೋಡಿದಳು. ಟೀಚರ ಮುಖ ಅರಳಿತು.

"ಅಯ್ಯೋ, ಎಷ್ಟು ಒಳ್ಳೇದಾಯ್ತು! ಈಗ ನಮ್ಮ ಪಾಠನೇ ಅದು. ಸಣ್ಣಕಥೆಗಳ ಮೂಲಕ ಕಥೆಯ ಅಂಗಗಳು. ಸಂಘರ್ಷ, ಪರಾಕಾಷ್ಠೆ, ಮುನ್ಸೂಚನೆ ಎಲ್ಲಾ. ಶುಕ್ರವಾರ ಎರಡು ಗಂಟೆಗೆ ಬನ್ನಿ. ನಿಮ್ಮದೇ ಒಂದು ಕಥೆ ಓದಿ, ಮಕ್ಕಳಿಗೆ ಬಿಡಿಸಿ ಹೇಳಿ."

"ಅದಕ್ಕೇನಂತೆ," ಎಂದಿತು ನನ್ನ ಬಾಯಿ. ಅವತ್ತು ಅದು ನನ್ನ ಹಿಡಿತದಲ್ಲಿರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಮಗಳು ಒಂದೇ ಮಾತು ಕೇಳಿದಳು: "ಅಪ್ಪಾ, ಸಂಘರ್ಷ ಅಂದ್ರೇನು ಗೊತ್ತಾ ನಿಂಗೆ?"

"ಗೊತ್ತಿಲ್ಲದೆ ಏನು? ನಿಮ್ಮಮ್ಮನ್ನ ಮದುವೆ ಆಗಿ ಹದಿನೈದು ವರ್ಷ ಆಯ್ತು."

ಅವಳು ನಗಲಿಲ್ಲ. ಮನೆಗೆ ಬಂದವಳೇ ಪುಸ್ತಕ ತೆಗೆದು ನನ್ನನ್ನು ಊಟದ ಮೇಜಿನ ಮುಂದೆ ಕೂರಿಸಿದಳು. ಪಾಠದಲ್ಲಿ ಪುಟ್ಟಪುಟ್ಟ ಕಥೆಗಳಿದ್ದವು. ಮೊದಲನೆಯದು ಸುತ್ತಿಗೆ ಕಳೆದುಕೊಂಡ ಕಮ್ಮಾರನದು.

"ಇದರಲ್ಲಿ ಸಂಘರ್ಷ ಯಾವುದು?"

"ಸುತ್ತಿಗೆ."

"ಸುತ್ತಿಗೆ ಒಂದು ವಸ್ತು ಅಪ್ಪಾ. ಅವನಿಗೆ ತನ್ನ ಗೆಳೆಯನ ಮೇಲೇ ಅನುಮಾನ ಬರುತ್ತಲ್ಲ, ಕೇಳೋಕೂ ಆಗಲ್ಲ, ಬಿಡೋಕೂ ಆಗಲ್ಲ. ಅದು ಸಂಘರ್ಷ."

"ಇನ್ನೊಂದು ಸುತ್ತಿಗೆ ತಗೊಂಡಿದ್ರೆ ಮುಗೀತಿತ್ತು."

"ಆಗ ಕಥೇನೂ ಮುಗೀತಿತ್ತು." ಮಗಳು ಹಣೆ ಒತ್ತಿಕೊಂಡು ಮುಂದಿನ ಕಥೆಗೆ ಹೋದಳು. "ಇಲ್ಲಿ ಮೊದಲನೇ ಸಾಲಲ್ಲೇ ಮೋಡ ಕವಿದಿತ್ತು ಅಂತ ಇದೆ. ಇದಕ್ಕೇನಂತಾರೆ?"

"ಹವಾಮಾನ."

"ಮುನ್ಸೂಚನೆ! ಮುಂದೆ ಕೆಟ್ಟದ್ದಾಗುತ್ತೆ ಅಂತ ಕಥೆಗಾರ ಮೊದಲೇ ಹೇಳೋದು."

ಅಡುಗೆಮನೆಯಿಂದ ನನ್ನಾಕೆ, "ಶುಕ್ರವಾರದ್ದು ನಂಗೀಗ್ಲೇ ಕಾಣಿಸ್ತಿದೆ," ಎಂದಳು.

ಸೋಲುವವನು ನಾನಲ್ಲ. ಭಾನುವಾರ ಬೆಳಿಗ್ಗೆ ಮಗಳ ಪುಸ್ತಕದ ಕೋಷ್ಟಕವನ್ನು ಎದುರಿಗಿಟ್ಟುಕೊಂಡು ಕೂತೆ. ಕಥೆಗೆ ಬೇಕಾದ್ದು ಇಷ್ಟು: ಸ್ಥಳ ಮತ್ತು ಕಾಲ, ಪಾತ್ರಗಳು, ಸಂಘರ್ಷ, ಪರಾಕಾಷ್ಠೆ, ಪರಿಹಾರ. ಎಲ್ಲೋ ನೋಡಿದ್ದೇನಲ್ಲ ಇದನ್ನು ಎಂದು ತಲೆ ಕೆರೆದುಕೊಂಡೆ. ಥಟ್ಟನೆ ಹೊಳೆಯಿತು. ನಮ್ಮ ಇಲಾಖೆಯ ನಮೂನೆ ಏಳು! ಲಿಫ್ಟಿನಲ್ಲಿ ಅವಘಡವಾದಾಗ, ದೋಷ ಕಂಡಾಗ ತುಂಬುವ ಹಾಳೆ. ಸ್ಥಳ ಮತ್ತು ಸಮಯ, ಸಂಬಂಧಪಟ್ಟ ವ್ಯಕ್ತಿಗಳು, ತೊಂದರೆಯ ಸ್ವರೂಪ, ತೊಂದರೆ ಬೆಳೆದ ಬಗೆ, ಈಗಿನ ಸ್ಥಿತಿ. ಅಂದರೆ ಇಪ್ಪತ್ತೆರಡು ವರ್ಷಗಳಿಂದ ನಾನು ಬರೆಯುತ್ತಿದ್ದದ್ದು ಕಥೆಯನ್ನೇ! ಟೀಚರ ಮುಂದೆ ನಾನು ಹೇಳಿದ್ದು ಸುಳ್ಳೇ ಅಲ್ಲ. ಎದೆಯ ಮೇಲಿನ ಭಾರ ಇಳಿದು, ಬ್ಯಾಗಿನಿಂದ ಒಂದು ಖಾಲಿ ನಮೂನೆ ತೆಗೆದು ನೇರ ಅದರಲ್ಲೇ ಬರೆಯತೊಡಗಿದೆ. ಕೊಳಲು ಊದುವವನಿಗೆ ತನ್ನ ಕೊಳಲೇ ಬೇಕಲ್ಲವೇ?

ಪಾತ್ರಗಳನ್ನು ಹುಡುಕಬೇಕಾಗಿರಲಿಲ್ಲ. ನನ್ನ ಸುಪರ್ದಿನ ಹಳದಿ ಕಟ್ಟಡದಲ್ಲಿ ಮೂರನೇ ಮಹಡಿಯ ನಿವೃತ್ತ ಗಣಿತದ ಮೇಷ್ಟ್ರು, ಐದನೇ ಮಹಡಿಯ ಹಲ್ಲಿನ ಡಾಕ್ಟರು, ಇಬ್ಬರಿಗೂ ಹನ್ನೊಂದು ವರ್ಷಗಳಿಂದ ಮಾತಿಲ್ಲ. ನಾನು ತಪಾಸಣೆಗೆ ಹೋದಾಗಲೆಲ್ಲ ಇಬ್ಬರೂ ಬೇರೆಬೇರೆಯಾಗಿ ನನ್ನನ್ನು ಪಕ್ಕಕ್ಕೆ ಕರೆದು, ಇನ್ನೊಬ್ಬರು ಹತ್ತಿದರೆ ಚಲಿಸದಂತೆ ಲಿಫ್ಟನ್ನು ಮಾಡಲು ಸಾಧ್ಯವೇ ಎಂದು ಕೇಳುತ್ತಿದ್ದರು. ಇಂಥ ಜೋಡಿಯನ್ನು ಬಿಡುವುದುಂಟೇ? ಬರೆದೆ:

ಸ್ಥಳ ಮತ್ತು ಸಮಯ: ಹಳದಿ ಕಟ್ಟಡದ ಲಿಫ್ಟ್, ಮೂರು ಮತ್ತು ನಾಲ್ಕನೇ ಮಹಡಿಯ ನಡುವೆ. ಕಳೆದ ಗುರುವಾರ ಸಂಜೆ ಐದು ಹತ್ತು.

ಸಂಬಂಧಪಟ್ಟ ವ್ಯಕ್ತಿಗಳು: ಮೂರನೇ ಮಹಡಿಯ ಮೇಷ್ಟ್ರು, ಐದನೇ ಮಹಡಿಯ ಡಾಕ್ಟರು.

ತೊಂದರೆಯ ಸ್ವರೂಪ: ಹನ್ನೊಂದು ವರ್ಷಗಳಿಂದ ಮಾತಿಲ್ಲ.

ತೊಂದರೆ ಬೆಳೆದ ಬಗೆ: ಲಿಫ್ಟ್ ನಿಂತಿತು. ದೀಪ ಆರಿತು. ನಲವತ್ತು ನಿಮಿಷ ಇಬ್ಬರೂ ಒಂದೇ ಕಡೆ. ಕೊನೆಗೆ ಮೇಷ್ಟ್ರು ಅತ್ತರು.

ಈಗಿನ ಸ್ಥಿತಿ: ಇಬ್ಬರೂ ತಬ್ಬಿಕೊಂಡು ಹೊರಬಂದರು. ಹೊರಗೆ ಬೆಳಕಿತ್ತು (ಸಂಕೇತ).

ಮೇಷ್ಟ್ರು ಅತ್ತ ಕಡೆ ನಾನೂ ಕಣ್ಣೊರೆಸಿಕೊಂಡೆ. ನಮೂನೆಯ ತುದಿಯಲ್ಲಿ ಸಹಿಯ ಜಾಗವಿತ್ತು. ಆ ಚುಕ್ಕಿಗೆರೆ ಕಂಡರೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಸಹಿ ಬಿತ್ತು, ಮೊಹರೂ ಬಿತ್ತು. ಹಾಳೆಯನ್ನು ಮೇಜಿನ ಮೇಲೆ ಬಿಟ್ಟು ಸ್ನಾನಕ್ಕೆ ಹೋದೆ.

ಮಂಗಳವಾರ ಸಾಹೇಬರು ನನ್ನನ್ನು ಕರೆಸಿದರು. ಅವರ ಕೈಯಲ್ಲಿ ನನ್ನ ಕಥೆಯಿತ್ತು. ಮನೆಯ ಮೇಜಿನ ಮೇಲೆ ಬಿಟ್ಟ ಹಾಳೆ ಇಲ್ಲಿಗೆ ಹೇಗೆ ಬಂತೋ!

"ಇಬ್ಬರು ನಲವತ್ತು ನಿಮಿಷ ಸಿಕ್ಕಿಹಾಕ್ಕೊಂಡಿದ್ದಾರೆ. ಒಬ್ಬ ವಯಸ್ಸಾದವರು ಅತ್ತಿದ್ದಾರೆ. ಇದನ್ನ ವಾರದ ಕಾಗದಗಳ ಮಧ್ಯೆ ತುರುಕಿ ಕಳಿಸ್ತೀರಲ್ರೀ? ಮೂವತ್ತು ನಿಮಿಷ ದಾಟಿದ್ರೆ ವಿಚಾರಣೆ ಆಗ್ಲೇಬೇಕು ಅಂತ ಗೊತ್ತಿಲ್ವಾ? ಮತ್ತೆ ಈ 'ಸಂಕೇತ' ಏನು? ಅಲಾರಂ ಹೊಡೀತಾ ಇಲ್ವಾ?"

"ಸಾರ್, ಅದು..."

"ಹೋದ ವರ್ಷ ಒಬ್ಬ ಇನ್‌ಸ್ಪೆಕ್ಟರ್ ಹೋಗದೇ ಇರೋ ಕಟ್ಟಡಕ್ಕೆ ಹೋಗಿದ್ದೆ ಅಂತ ಬರೆದ. ಸುಳ್ಳು ವರದಿ. ಮೊಹರು ಕಿತ್ಕೊಂಡು ಉಗ್ರಾಣಕ್ಕೆ ಹಾಕಿದ್ವಿ. ಇವತ್ತಿಗೂ ಬಲ್ಬ್ ಎಣಿಸ್ತಿದ್ದಾನೆ. ನಿಮ್ಮಂಥವರು ಸತ್ಯ ಬರೀತೀರ, ಅದಕ್ಕೆ ನನಗೆ ಗೌರವ. ಆದ್ರೆ ಬೇಗ ಹೇಳ್ಬೇಕು. ಏನೋ ಹೇಳೋಕೆ ಬಂದ್ರಿ?"

"ಏನಿಲ್ಲ ಸಾರ್," ಎಂದೆ. ಉಗ್ರಾಣದಲ್ಲಿ ಕಿಟಕಿಯೂ ಇಲ್ಲ.

ಆಗಲೇ ಅವರ ಹಿಂದೆ ಹಳದಿ ಕಟ್ಟಡಕ್ಕೆ ಹೊರಟೆ. ಯಾರನ್ನು ಕೇಳಿದರೂ ಅಂಥದ್ದೇನೂ ನಡೆದಿಲ್ಲ ಎನ್ನುತ್ತಾರೆ, ಎಲ್ಲೋ ಕಟ್ಟಡ ತಪ್ಪಿ ಬರೆದೆ ಎಂದು ಕಾಲು ಹಿಡಿದರಾಯಿತು ಎಂದುಕೊಂಡೆ. ನನಗೆ ಜನ ಗೊತ್ತಿರಲಿಲ್ಲ.

ಸಾಹೇಬರು ಬಾಗಿಲಲ್ಲೇ ವಾಚ್‌ಮನ್‌ಗೆ ವರದಿ ಓದಿ ಹೇಳಿ, "ಗುರುವಾರ ಐದು ಹತ್ತಕ್ಕೆ ನೀನೆಲ್ಲಿದ್ದೆ?" ಎಂದು ಗದರಿದರು. ಐದು ಹತ್ತು ಅವನು ಬೀದಿ ತುದಿಯಲ್ಲಿ ಚಹಾ ಕುಡಿಯುವ ಹೊತ್ತು. ಇದು ನನಗೂ ಗೊತ್ತು. ಅವನು ನನ್ನ ಮುಖ ನೋಡಿದ, ಮೊಹರು ನೋಡಿದ, ಎದೆ ಸೆಟೆಸಿ ನಿಂತ.

"ಇಲ್ಲೇ ಇದ್ದೆ ಸಾರ್. ನಾನೇ ಬಾಗಿಲು ಬಡಿದಿದ್ದು. ಹೆದರಬೇಡಿ, ನಾನಿದೀನಿ ಅಂತ ಕೂಗಿದ್ದೂ ನಾನೇ."

ಅಷ್ಟರಲ್ಲಿ ನಾಲ್ಕನೇ ಮಹಡಿಯ ಅಮ್ಮ ಕೆಳಗಿಳಿದು ಬಂದರು. ಆ ಕಟ್ಟಡದಲ್ಲಿ ಅವರಿಗೆ ತಿಳಿಯದೆ ಒಂದು ಬಲ್ಬೂ ಸುಟ್ಟುಹೋಗುವುದಿಲ್ಲ ಎಂದು ಹೆಸರು. ಇಷ್ಟು ದೊಡ್ಡದು ನಡೆದಿದ್ದೂ ತಾವು ನೋಡಲಿಲ್ಲ ಎಂದು ಒಪ್ಪಿಕೊಳ್ಳುವ ಪೈಕಿಯಲ್ಲ ಅವರು.

"ಅವನು ಬಡಿದಿದ್ದು ಆಮೇಲೆ ಸಾರ್. ಮೊದ್ಲು ಕೇಳಿಸ್ಕೊಂಡಿದ್ದು ನಾನು. ಪಾಪ, ಗಂಟಲು ಒಣಗಿತ್ತು ಅವರಿಗೆ. ನಾನೇ ನೀರು ಕೊಟ್ಟೆ."

"ಬಾಗಿಲು ಮುಚ್ಚಿತ್ತಲ್ಲಮ್ಮ?"

"ಸಂದೀಲಿ ಕೊಟ್ಟೆ."

"ಸಂದೀಲಿ ಲೋಟ ಹೋಗುತ್ತಾ?"

"ಚಮಚದಲ್ಲಿ," ಎಂದರು ಅಮ್ಮ, ಒಂದು ಕ್ಷಣವೂ ತಡಮಾಡದೆ. "ಇಬ್ಬರಿಗೂ ಹದಿಮೂರು ಹದಿಮೂರು ಚಮಚ. ಭೇದ ಮಾಡಲಿಲ್ಲ. ಮತ್ತೆ ನೀವು ತಪ್ಪು ಬರ್ಕೊಂಡಿದೀರಿ. ಅತ್ತಿದ್ದು ಮೇಷ್ಟ್ರಲ್ಲ, ಡಾಕ್ಟ್ರು."

"ಮೇಷ್ಟ್ರೇ ಅತ್ತಿದ್ದು, ನಾನು ಕೇಳಿದೀನಿ," ಎಂದ ವಾಚ್‌ಮನ್. ಇಬ್ಬರಿಗೂ ಅಲ್ಲೇ ಜಗಳ ಹತ್ತಿತು. ದೃಷ್ಟಿಕೋನ ಎಂದರೆ ಏನೆಂದು ಮಗಳು ಎರಡು ಗಂಟೆ ಹೇಳಿಕೊಟ್ಟರೂ ತಲೆಗೆ ಹತ್ತದ್ದು ನನಗೆ ಆಗ ಚೆನ್ನಾಗಿ ಅರ್ಥವಾಯಿತು. ಸಾಹೇಬರು ಎರಡೂ ಹೇಳಿಕೆ ಬರೆಸಿಕೊಂಡು, ವಿಚಾರಣೆ ಮುಗಿಯುವವರೆಗೆ ಲಿಫ್ಟಿಗೆ ಬೀಗ ಹಾಕಿಸಿದರು.

ಇನ್ನು ಉಳಿದವರು ಮೇಷ್ಟ್ರು ಮತ್ತು ಡಾಕ್ಟರು. ಬುಧವಾರ ಮೆಟ್ಟಿಲು ಹತ್ತಿ ಹೋದೆವು.

ಮೂರನೇ ಮಹಡಿಯಲ್ಲಿ ಮೇಷ್ಟ್ರು ವರದಿ ಕೇಳಿ ಕೆಂಪಗಾದರು. "ನಾನು ಅತ್ತೆನಾ? ಆ ಮನುಷ್ಯನನ್ನ ತಬ್ಬಿಕೊಂಡು? ಬರ್ಕೊಳ್ಳಿ ಸ್ವಾಮಿ, ಸುಳ್ಳು. ಆತ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡಿದ್ರೂ ಸಿಕ್ಕಿಹಾಕ್ಕೊಂಡಿರಬಹುದು, ನಾನಂತೂ ಇರಲಿಲ್ಲ."

ಐದನೇ ಮಹಡಿಯಲ್ಲಿ ಡಾಕ್ಟರು ಹಲ್ಲು ಕಾಣುವಂತೆ ನಕ್ಕರು. ಸಿಟ್ಟು ಬಂದರೂ ಅವರ ಮುಖ ನಗುತ್ತಲೇ ಇರುತ್ತದೆ, ವೃತ್ತಿಯಿಂದ ಬಂದದ್ದು. "ಅವರು ಯಾರ ಹೆಗಲ ಮೇಲಾದ್ರೂ ಅತ್ತಿರಲಿ. ನನ್ನ ಹೆಗಲಲ್ಲ."

ಸಾಹೇಬರು ಮೆಟ್ಟಿಲ ಮೇಲೇ ಕೂತರು. "ಆಗಿದೆ ಅನ್ನೋರು ಇಬ್ಬರು, ತಾನಿರಲಿಲ್ಲ ಅನ್ನೋರು ಇಬ್ಬರು. ಎಲ್ಲೋ ಏನೋ ಸರಿಯಿಲ್ಲ ಕಣ್ರೀ. ನಾಳೆ ಇಬ್ಬರೂ ಆಫೀಸಿಗೆ ಬಂದು, ಒಂದೇ ಹಾಳೇಲಿ ಜಂಟಿ ಹೇಳಿಕೆ ಕೊಡಬೇಕು. ಅಲ್ಲೀವರ್ಗೂ ಲಿಫ್ಟ್ ಇಲ್ಲ. ನಿಮ್ಮ ಮೊಹರು ಕೊಡಿ. ನಾಳೆವರೆಗೆ ನನ್ನ ಹತ್ರ ಇರಲಿ."

ಕೊಟ್ಟೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಖಾಲಿ ಜೇಬಿನಲ್ಲಿ ಮನೆಗೆ ಹೋದೆ. ಅಳು ಬರುವಂತಾಗಿತ್ತು, ಯಾರ ಹೆಗಲಾದರೂ ನಡೆಯುತ್ತಿತ್ತು.

"ಸಹಿ ಇತ್ತು, ಮೊಹರಿತ್ತು, ಆಫೀಸಿನ ಕಾಗದ ಅಂತ ನಾನೇ ಭಾನುವಾರ ಬ್ಯಾಗಿಗೆ ಇಟ್ಟೆ," ಎಂದಳು ನನ್ನಾಕೆ. "ಕಥೆಗೆ ಮೊಹರು ಹಾಕ್ತಾರಾ ಯಾರಾದ್ರೂ? ನೀವು ನಮ್ಮ ಮದುವೆ ಆಲ್ಬಮ್ಮಿಗೂ ಸಹಿ ಹಾಕಿದವರು!"

ಮಗಳು ಮಾತ್ರ ಬೈಯಲಿಲ್ಲ. ನನ್ನಿಂದ ಇಡೀ ಕಥೆ ಹೇಳಿಸಿಕೊಂಡು, ಪೆನ್ಸಿಲ್ ಕಚ್ಚುತ್ತ ಯೋಚಿಸಿದಳು. "ಸಂಘರ್ಷ ಚೆನ್ನಾಗಿದೆ ಅಪ್ಪಾ. ಪರಿಹಾರ ನಂಬೋ ಹಾಗಿಲ್ಲ. ಹನ್ನೊಂದು ವರ್ಷದ ಜಗಳ ನಲವತ್ತು ನಿಮಿಷಕ್ಕೆ ಸುಮ್ನೆ ಮುಗಿದುಹೋಗುತ್ತಾ? ಅವರು ಯಾಕೆ ಜಗಳ ಆಡಿದ್ರು?"

"ಅದು ನಂಗೊತ್ತಿಲ್ಲ."

"ಕಥೆಗಾರನಿಗೇ ಗೊತ್ತಿಲ್ಲದೇ ಇದ್ರೆ ಹೇಗೆ?" ಎಂದು ಪುಸ್ತಕ ಮುಚ್ಚಿದಳು. ಬಲ್ಬ್ ಎಣಿಸುವ ತಂದೆಯ ಬಗ್ಗೆ ಶುಕ್ರವಾರ ತರಗತಿಯಲ್ಲಿ ಏನು ಹೇಳುತ್ತಾಳೋ ಪಾಪ ಎನಿಸಿ, ನನಗೆ ಊಟ ಸೇರಲಿಲ್ಲ.

ಗುರುವಾರ ಹನ್ನೊಂದಕ್ಕೆ ಇಬ್ಬರೂ ನಮ್ಮ ಆಫೀಸಿಗೆ ಬಂದರು. ಸಾಹೇಬರು ಬೇರೊಂದು ಸಭೆಯಲ್ಲಿದ್ದರು. ಹೊರಗಿನ ಕೋಣೆಯಲ್ಲಿ ಇರುವುದು ಒಂದೇ ಬೆಂಚು. ಆ ತುದಿಗೆ ಮೇಷ್ಟ್ರು, ಈ ತುದಿಗೆ ಡಾಕ್ಟರು, ನಡುವೆ ಹಾಳೆ ಹಿಡಿದು ನಾನು. ಇಬ್ಬರೂ ಒಟ್ಟಾಗಿ ಬರೆದುಕೊಡಬೇಕಾದದ್ದು, ತಾವಿಬ್ಬರೂ ಎಂದೂ ಒಟ್ಟಾಗಿರುವುದಿಲ್ಲ ಎಂದು.

"ಅವರಿಗೆ ಹೇಳಿ," ಎಂದರು ಮೇಷ್ಟ್ರು ನನಗೆ, "ಹನ್ನೊಂದು ವರ್ಷ ಅಂತ ಬರೀಬಾರದು. ಹನ್ನೊಂದು ವರ್ಷ ನಾಲ್ಕು ತಿಂಗಳು."

ನಾನು ಡಾಕ್ಟರ ಕಡೆ ತಿರುಗಿದೆ. "ಹನ್ನೊಂದು ವರ್ಷ ನಾಲ್ಕು ತಿಂಗಳಂತೆ."

"ಕೇಳಿಸ್ತು. ಅವರಿಗೆ ಹೇಳಿ, 'ಪರಸ್ಪರ ಒಪ್ಪಿಗೆಯಿಂದ ಮಾತು ಬಿಟ್ಟಿದ್ದೇವೆ' ಅಂತ ಬರೀಲಿ."

"ಒಪ್ಪಿಗೆ?" ಮೇಷ್ಟ್ರು ಎದ್ದು ನಿಂತರು. "ಯಾರ ಒಪ್ಪಿಗೆ? ಅವರಿಗೆ ಹೇಳಿ, ನನ್ನ ಕೈಯಲ್ಲಿ ಎರಡು ಕಟ್ಟು ಉತ್ತರಪತ್ರಿಕೆ ಇತ್ತು. ಓಡಿ ಬರ್ತಾ ಇದ್ದೆ. ಅವರು ಒಳಗೆ ನಿಂತು, ನನ್ನ ನೋಡಿ ನಗ್ತಾ, ಗುಂಡಿ ಒತ್ತಿದ್ರು. ಬಾಗಿಲು ನನ್ನ ಮೂಗಿನ ತುದಿಗೆ ಬಂದು ಮುಚ್ಚಿತು. ಇದಕ್ಕೆ ನಾನು ಒಪ್ಪಿಗೆ ಕೊಟ್ಟಿದ್ನಾ?"

"ನಾನು ನಕ್ಕಿದ್ದು ಬನ್ನಿ ಅಂತ!" ಎಂದರು ಡಾಕ್ಟರು, ನನ್ನ ತಲೆಯ ಮೇಲಿಂದ ನೇರವಾಗಿ. "ನಾನು ಒತ್ತಿದ್ದು ತೆರೆಯೋ ಗುಂಡಿನೇ ರೀ! ಬಾಗಿಲು ಯಾಕೆ ಮುಚ್ಚಿತೋ ನಂಗೇನು ಗೊತ್ತು? ಸಂಜೆ ಬಂದು ಹೇಳೋಣ ಅಂದ್ರೆ, ನೀವಾಗ್ಲೇ ಹಲ್ಲುನೋವಿಗೆ ಊರಾಚೆಯ ಡಾಕ್ಟ್ರ ಹತ್ರ ಹೋಗಿದ್ರಿ!"

"ತೆರೆಯೋ ಗುಂಡಿ ಒತ್ತಿದ್ರೆ ಬಾಗಿಲು ಮುಚ್ಚುತ್ತೇನ್ರೀ?"

ನನ್ನ ಕೈಯಿಂದ ಹಾಳೆ ಜಾರಿತು. ಮುಚ್ಚುತ್ತದೆ. ಒಂದು ಸಲ ಮುಚ್ಚಿತ್ತು. "ಇಬ್ಬರೂ ಎರಡು ನಿಮಿಷ ಹಾಗೇ ಜಗಳ ಆಡ್ತಾ ಇರಿ," ಎಂದು ಹೇಳಿ ಕಡತಗಳ ಕೋಣೆಗೆ ಓಡಿದೆ. ಯಾರೂ ಓದದ ನನ್ನ ವರದಿಗಳೆಲ್ಲ ಅಲ್ಲಿ ವರ್ಷವಾರು ಮಲಗಿವೆ. ಧೂಳು ಕೊಡವಿ, ಸೀನಿ, ಕೊನೆಗೆ ಹುಡುಕಿ ತೆಗೆದೆ. ಹನ್ನೊಂದು ವರ್ಷ ನಾಲ್ಕು ತಿಂಗಳ ಹಿಂದಿನ ನಮೂನೆ ಏಳು. ಅದೇ ಹಳದಿ ಕಟ್ಟಡ. ತೊಂದರೆಯ ಸ್ವರೂಪ: ಗುಂಡಿಗಳ ತಂತಿ ಅದಲುಬದಲು. ತೆರೆಯುವ ಗುಂಡಿ ಒತ್ತಿದರೆ ಬಾಗಿಲು ಮುಚ್ಚುತ್ತದೆ. ಈಗಿನ ಸ್ಥಿತಿ: ಸರಿಪಡಿಸಲಾಗಿದೆ. ಕೆಳಗೆ ನನ್ನದೇ ಸಹಿ, ನನ್ನದೇ ಮೊಹರು.

ಮೇಷ್ಟ್ರು ಅದನ್ನು ಎರಡು ಸಲ ಓದಿದರು. ದಿನಾಂಕ ನೋಡಿ ಬೆರಳು ಮಡಚಿ ಎಣಿಸಿದರು. "ಜಗಳ ಆಗಿ ಮೂರನೇ ದಿನ," ಎಂದರು ಮೆಲ್ಲಗೆ. ಬೆಂಚಿನ ಮೇಲೆ ಕೂತರು. ಈ ಸಲ ತುದಿಯಲ್ಲಿ ಕೂರಲಿಲ್ಲ. "ಡಾಕ್ಟ್ರೇ, ಆ ಊರಾಚೆಯವನು ನನ್ನ ಎರಡು ಒಳ್ಳೇ ಹಲ್ಲು ಕಿತ್ತುಬಿಟ್ಟ ಕಣ್ರೀ."

"ಬಾಯಿ ತೆಗೀರಿ, ನೋಡೋಣ," ಎಂದರು ಡಾಕ್ಟರು.

ಸಾಹೇಬರು ಸಭೆ ಮುಗಿಸಿ ಬಂದಾಗ ಕಂಡದ್ದು ಇದು: ಬಾಯಿ ತೆರೆದು ಕೂತ ಮೇಷ್ಟ್ರು, ಅವರ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸುತ್ತಿರುವ ಡಾಕ್ಟರು, ಹಳೆಯ ಕಡತ ತಬ್ಬಿಕೊಂಡು ನಿಂತ ನಾನು. ಅವರಿಬ್ಬರನ್ನು ನೋಡಿ ನನಗೆ ಎಲ್ಲಿಲ್ಲದ ಧೈರ್ಯ ಬಂದಿತ್ತು. ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಕೊಂಡೆ: ಪೈಲಟ್, ಟೀಚರು, ಕಮ್ಮಾರನ ಸುತ್ತಿಗೆ, ಚುಕ್ಕಿಗೆರೆ.

"ಅಂದ್ರೆ ಇದು ಕಥೆ?" ಎಂದರು ಸಾಹೇಬರು.

"ಹೌದು ಸಾರ್."

"ಮತ್ತೆ ಆ ಚಮಚ?"

"ಅದು ನನ್ನದಲ್ಲ ಸಾರ್. ಅದು ಅಮ್ಮನವರ ಸ್ವಂತ ಕೃತಿ."

ಸಾಹೇಬರು ನಮ್ಮನ್ನೆಲ್ಲ ತಮ್ಮ ಕೋಣೆಗೆ ಕರೆದು, ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ನನ್ನ ಮೊಹರು ಅವರ ಮೇಜಿನ ಮೇಲಿತ್ತು, ಪಕ್ಕದಲ್ಲೇ ಭಾನುವಾರದ ನನ್ನ ವರದಿ. ಉಗ್ರಾಣದ ಬಲ್ಬುಗಳು ನನ್ನ ಕಣ್ಣ ಮುಂದೆ ಒಂದೊಂದಾಗಿ ಹತ್ತತೊಡಗಿದವು.

ಆಗ ಮೇಷ್ಟ್ರು ಆ ವರದಿಯನ್ನು ಎತ್ತಿಕೊಂಡು, ಜೇಬಿನಿಂದ ಕೆಂಪು ಪೆನ್ನು ತೆಗೆದರು. "ಸ್ವಲ್ಪ ತಾಳಿ ಸ್ವಾಮಿ. ಉತ್ತರಪತ್ರಿಕೆ ತಿದ್ದೋದು ಹೀಗಲ್ಲ. ಒಂದೊಂದೇ ನೋಡಿ. ವ್ಯಕ್ತಿಗಳು, ನಾನು ಮತ್ತು ಇವರು. ಸರಿ. ಹನ್ನೊಂದು ವರ್ಷದಿಂದ ಮಾತಿರಲಿಲ್ಲ. ಸರಿ, ನಾಲ್ಕು ತಿಂಗಳು ಬಿಟ್ಟುಹೋಗಿದೆ. ನಲವತ್ತು ನಿಮಿಷ ಒಂದೇ ಕಡೆ." ಗೋಡೆಯ ಗಡಿಯಾರ ನೋಡಿದರು. "ನಲವತ್ತೆರಡು. ನಡೆಯುತ್ತೆ."

"ಮೇಷ್ಟ್ರು ಅತ್ತರು," ಎಂದು ಡಾಕ್ಟರು ನೆನಪಿಸಿದರು.

"ಅದು ಕಡತದ ಧೂಳು. ಈಗಿನ ಸ್ಥಿತಿ, ರಾಜಿ. ಸರಿ. ತಪ್ಪಿರೋದು ಸ್ಥಳ ಮತ್ತು ಸಮಯ ಮಾತ್ರ. ಲಿಫ್ಟಲ್ಲಿ ಆಗಲಿಲ್ಲ, ನಿಮ್ಮ ಬೆಂಚಿನ ಮೇಲೆ ಆಯ್ತು. ಇಷ್ಟಕ್ಕೆ ನಾನಾಗಿದ್ರೆ ಒಂದು ಅಂಕ ಕಳೀತಿದ್ದೆ. ಫೇಲ್ ಮಾಡ್ತಿರಲಿಲ್ಲ."

ಸಾಹೇಬರು ವರದಿ ನೋಡಿದರು. ಇಬ್ಬರನ್ನೂ ನೋಡಿದರು. "ನನ್ನ ಕಣ್ಣೆದುರೇ ಇರೋದನ್ನ ಸುಳ್ಳು ಅಂತ ಹೇಗೆ ಬರೀಲಿ?" ಎಂದು ತಮಗೇ ಗೊಣಗಿಕೊಂಡು, ಹಾಳೆಯನ್ನು ನನ್ನ ಮುಂದೆ ತಳ್ಳಿದರು. "ಸ್ಥಳ, ಸಮಯ ತಿದ್ದಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ. ಆ ಸಂಕೇತ ಹೊಡೆದುಹಾಕಿ. ಲಿಫ್ಟಿನ ಬೀಗ ಇವತ್ತೇ ತೆಗೆಸಿ, ನಾಲ್ಕನೇ ಮಹಡಿಯವರ ಫೋನು ನಂಗೆ ತಡೆಯೋಕಾಗ್ತಿಲ್ಲ. ತಗೊಳ್ಳಿ ನಿಮ್ಮ ಮೊಹರು."

ಹೋದ ಜೀವ ಬಂದಂತಾಯಿತು. ಆ ರಬ್ಬರಿನ ತುಂಡನ್ನು ಕಣ್ಣಿಗೊತ್ತಿಕೊಂಡೆ. ಮನೆಗೆ ಹೋದಾಗ ನನ್ನ ಎರಡೂ ರೆಪ್ಪೆಯ ಮೇಲೆ ನೇರಳೆ ಬಣ್ಣವಿತ್ತಂತೆ.

ಶುಕ್ರವಾರ ಎರಡು ಗಂಟೆಗೆ ಮಗಳ ತರಗತಿಯಲ್ಲಿ ನಿಂತು ಮೊದಲು ಒಂದು ಮಾತು ಹೇಳಿದೆ: "ಮಕ್ಕಳೇ, ನಾನು ಲಿಫ್ಟ್ ಇನ್‌ಸ್ಪೆಕ್ಟರ್." ಮುಂದಿನ ಸಾಲಿನವರು ಕಣ್ಣರಳಿಸಿದರು. ಲಿಫ್ಟ್ ಹಗ್ಗ ಎಷ್ಟು ದಪ್ಪ ಎಂದು ಒಬ್ಬಳು ಕೇಳಿದಳು. ಪೈಲಟನಿಗೆ ಹಗ್ಗದ ಬಗ್ಗೆ ಯಾರೂ ಕೇಳಿರಲಿಕ್ಕಿಲ್ಲ. ಆಮೇಲೆ ಈ ವಾರದ ಕಥೆಯನ್ನು ಇದ್ದದ್ದು ಇದ್ದಂತೆ ಹೇಳಿದೆ. ಸಂಘರ್ಷ ಎಲ್ಲಿದೆ ಎಂದರೆ ಅವರೇ ಹೇಳಿದರು. ಪರಾಕಾಷ್ಠೆ ಯಾವುದೆಂದು ತರಗತಿ ಎರಡು ಪಕ್ಷವಾಗಿ ಕೂಗಾಡಿತು: ಅರ್ಧ ಹಳೇ ಕಡತ ಸಿಕ್ಕ ಕಡೆ, ಅರ್ಧ ಚಮಚದ ಕಡೆ. ಮಗಳು ಕೈ ಎತ್ತಿ, "ಪರಿಹಾರ ಈಗ ನಂಬೋ ಹಾಗಿದೆ. ಕಾರಣ ಇದೆ," ಎಂದಳು. ನನ್ನ ಇಪ್ಪತ್ತೆರಡು ವರ್ಷದ ಸೇವೆಯಲ್ಲಿ ನಾನು ಬರೆದದ್ದನ್ನು ಯಾರಾದರೂ ಹೊಗಳಿದ್ದು ಇದೇ ಮೊದಲು. ಖುಷಿಯಿಂದ ಬಾಯಿ ಕಟ್ಟಿಹೋಯಿತು, ಅದೂ ಒಳ್ಳೆಯದೇ ಆಯಿತು.

ಟೀಚರು ಸಂತೋಷದಿಂದ ಒಂದು ದಪ್ಪ ಪುಸ್ತಕ ತಂದು ನನ್ನ ಮುಂದಿಟ್ಟರು. "ಬಂದ ಅತಿಥಿಗಳೆಲ್ಲ ಇದರಲ್ಲಿ ಬರೀಬೇಕು ಸಾರ್." ಪುಟದ ಮೇಲ್ಗಡೆ ಏನೋ ನಾಲ್ಕು ಸಾಲು ಅಚ್ಚಾಗಿತ್ತು, ತುದಿಯಲ್ಲಿ ಒಂದು ಚುಕ್ಕಿಗೆರೆಯಿತ್ತು. ನನ್ನ ಕೈ ಆಗಲೇ ಪೆನ್ನು ಎತ್ತಿತ್ತು; ಇನ್ನೊಂದು ಕೈ ಜೇಬಿಗೆ ಹೋಗಿತ್ತು. ಜೇಬು ಖಾಲಿ.

ತಿರುಗಿ ನೋಡಿದರೆ ಮಗಳು ಪಕ್ಕದಲ್ಲೇ ನಿಂತಿದ್ದಳು. ನನ್ನ ಮೊಹರು ಅವಳ ಮುಷ್ಟಿಯಲ್ಲಿತ್ತು.

"ಅಮ್ಮ ಬೆಳಿಗ್ಗೆನೇ ನಿನ್ನ ಜೇಬಿಂದ ತೆಗೆದು ನಂಗೆ ಕೊಟ್ಟಿದ್ಲು," ಎಂದಳು. "ಮೊದಲು ಓದು ಅಪ್ಪಾ. ಆಮೇಲೆ ಸಹಿ."